ಮಾವನವರ ಟೈರಿನ ಗಾಳಿ

ನಮ್ಮ ಮಾವನವರ ಬಲಗಾಲಿನ ಮೀನಖಂಡದ ಒಳಮಗ್ಗುಲಲ್ಲಿ ಸೈಲೆನ್ಸರ್ ಸುಟ್ಟ ಗುರುತುಗಳು ಒಂದರ ಕೆಳಗೊಂದು ಸಾಲಾಗಿದ್ದವು. ಹಳೆಯವು ಕಪ್ಪಿಟ್ಟು ನುಣುಪಾಗಿದ್ದವು, ಹೊಸತು ಇನ್ನೂ ಕೆಂಪಗಿರುತ್ತಿತ್ತು. ಮೋಟಾರ್ ಸೈಕಲ್ ಓಡಿಸುವ ಎಲ್ಲರ ಕಾಲಿನಲ್ಲೂ ಅಂಥದ್ದೊಂದು ಇರುತ್ತದೆ, ನನ್ನ ಕಾಲಿನಲ್ಲೂ ಇದೆ. ಒಮ್ಮೆ ಸುಟ್ಟುಕೊಂಡವನು ಮತ್ತೆ ಜನ್ಮದಲ್ಲಿ ಕಾಲನ್ನು ಅತ್ತ ಒಯ್ಯುವುದಿಲ್ಲ. ಮಾವನವರಿಗೆ ಮಾತ್ರ ಆಗಾಗ ಹೊಸದೊಂದು ಸೇರಿಕೊಳ್ಳುತ್ತಲೇ ಇತ್ತು. ಕೇಳಿದರೆ, "ಚಡ್ಡಿ ಹಾಕ್ಕಂಡ್ ಗಾಡಿ ಓಡ್ಸೋನಿಗೆ ಇವೆಲ್ಲ ಮಾಮೂಲಿ ಕಣ್ರೀ ಅಳಿಯಂದ್ರೇ" ಎಂದು ಖಾಕಿ ಚಡ್ಡಿಯನ್ನು ಒಂದಿಷ್ಟು ಕೆಳಗೆ ಎಳೆದುಕೊಳ್ಳುತ್ತಿದ್ದರು. ಒಂದು ಸಲ ನನ್ನ ಅಂಗಡಿಯ ಮುಂದೆ ಗಾಡಿಯ ಮೇಲೇ ಕೂತು ಮಾತಾಡುತ್ತಿದ್ದಾಗ ಕೂದಲು ಸೀದ ವಾಸನೆ ಬಂತು. ಬಂದದ್ದು ನನ್ನ ಮೂಗಿಗೆ. ಅವರು ಕಾಫಿ ರೇಟಿನ ಮಾತನ್ನು ಮುಂದುವರಿಸಿಯೇ ಇದ್ದರು. "ಕಾಲು ತೆಗೀರಿ ಮಾವ!" ಎಂದು ಕೂಗಿದ ಮೇಲೆ ಬಗ್ಗಿ, ಬೇರೆ ಯಾರದೋ ಕಾಲನ್ನು ನೋಡುವಂತೆ ನೋಡಿ, ನಿಧಾನವಾಗಿ ಸರಿಸಿದರು. ಎಂಥ ಗಟ್ಟಿ ಮನುಷ್ಯ ಅಂದುಕೊಂಡೆ ನಾನು.

ಅವರು ವನಗೂರಿನ ಕಡೆಯ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಿಗ್ಗೆ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಮುಂದೆ ನಿಂತು ಹಾಜರಿ ಕೂಗುವುದರಿಂದ ಹಿಡಿದು ಸಂಜೆ ಸ್ಟೋರಿಗೆ ಬೀಗ ಹಾಕುವವರೆಗೆ ಎಲ್ಲವೂ ಅವರದೇ ಉಸ್ತುವಾರಿ. ನಾನು ಆಲೂರು ತಾಲ್ಲೂಕಿನ ಮಗ್ಗೆಯವನು. ಸಕಲೇಶಪುರದಲ್ಲಿ ಮೋಟಾರ್ ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟು, ತೊಂಬತ್ತರ ದಶಕದ ನಡುವಿನಲ್ಲಿ ಅವರ ಒಬ್ಬಳೇ ಮಗಳನ್ನು ಮದುವೆಯಾದೆ. ಹೆಣ್ಣು ನೋಡಲು ಗಾಡಿಯಲ್ಲಿ ಹೋದವನು ಅವರ ಮನೆಯ ಏರಿನಲ್ಲಿ ಗೇರು ತಪ್ಪಿಸಿ ಹಿಂದಕ್ಕೆ ಜಾರಿದ್ದೆ. ಅವರು ಜಗಲಿಯಲ್ಲಿ ನಿಂತು ಅದನ್ನು ಪೂರ್ತಿ ನೋಡಿದ್ದರು. "ನಿಮ್ ಮಗ್ಗೇಲಿ ರಸ್ತೆ ಮಲ್ಗೈತೆ, ನಮ್ಮಲ್ಲಿ ಎದ್ ನಿಂತೈತೆ. ಮೊದ್ಲು ಗಾಡಿ ಬುಡೋದ್ ಕಲೀರಿ, ಆಮೇಲೆ ಮಗಳ್ನ ಕೇಳೀರಂತೆ" ಎಂದರು. ಇದು ಅವರು ನನ್ನೊಂದಿಗೆ ಆಡಿದ ಮೊದಲ ಮಾತು.

ಒಳ್ಳೆಯವರೇ. ಆದರೆ ಒಂದು ಕೆಟ್ಟ ಗುಣವಿತ್ತು: ತಪ್ಪು ತನ್ನದು ಎಂದು ಒಪ್ಪಿಕೊಂಡವರಲ್ಲ. ದಾರಿ ತಪ್ಪಿ ಬೇರೆ ಊರಿಗೆ ಹೋದರೆ "ಈ ಕಡೆಯಿಂದ್ಲೂ ಹೋಗ್ಬೋದು, ನೋಡ್ಕಂಡ್ ಹೋಗವಾ ಅಂತ ಬಂದೆ" ಎನ್ನುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ಅತ್ತೆ ಕೊಡುತ್ತಿದ್ದ ಸಪ್ಪೆ ಕಾಫಿಯನ್ನು ಮುಖ ಸಿಂಡರಿಸಿಕೊಂಡು ಕುಡಿದು, ನನ್ನ ಅಂಗಡಿಗೆ ಬಂದು ಪಕ್ಕದ ಹೋಟೆಲಿನಿಂದ ಜಾಸ್ತಿ ಸಕ್ಕರೆಯ ಟೀ ತರಿಸುತ್ತಿದ್ದರು. ನಾನು ಕಣ್ಣು ಬಿಟ್ಟು ನೋಡಿದರೆ, "ಹೇಳ್ಬ್ಯಾಡಿ ಮಾರಾಯ್ರೇ, ಅವ್ಳು ಸುಮ್ನೆ ಗಾಬ್ರಿ ಆಯ್ತಾಳೆ." ಅಳಿಯನಾದವನು ಮಾವನನ್ನು ಗದರುವಂತಿಲ್ಲ. ಟೀ ದುಡ್ಡನ್ನೂ ನಾನೇ ಕೊಡುತ್ತಿದ್ದೆ.

ಅವರಿಗೂ ಅತ್ತೆಗೂ ಸಂತೆಯ ದಿನ ಅಂದರೆ ಹಬ್ಬ. ಇಬ್ಬರೂ ಒಂದೇ ಗಾಡಿಯಲ್ಲಿ ಸಕಲೇಶಪುರಕ್ಕೆ ಇಳಿದು ಬರುತ್ತಿದ್ದರು. ಆ ಕಡೆಯ ಎಸ್ಟೇಟ್ ರಸ್ತೆಗಳಲ್ಲಿ ಗಾಡಿ ಓಡಿಸುವವರದು ಒಂದು ಪದ್ಧತಿ. ಮಳೆಗಾಲದಲ್ಲಿ ಕೆಸರಿನ ಏರು ಹತ್ತುವ ಮುಂಚೆ ಟೈರಿನ ಗಾಳಿ ಇಳಿಸುತ್ತಾರೆ, ಮೆತ್ತಗಾದ ಟೈರು ಕೆಸರನ್ನು ಕಚ್ಚಿ ಹಿಡಿಯುತ್ತದೆ ಅಂತ. ವಾಪಸು ಟಾರು ರಸ್ತೆಗೆ ಬಂದ ಮೇಲೆ ಮತ್ತೆ ತುಂಬಿಸಿಕೊಳ್ಳಬೇಕು, ಇಲ್ಲವಾದರೆ ತಿರುವಿನಲ್ಲಿ ಗಾಡಿ ಅಡ್ಡಾದಿಡ್ಡಿ ಆಡುತ್ತದೆ. ಮಾವನವರು ಟಾರು ಶುರುವಾಗುವ ಮೋರಿಯ ಹತ್ತಿರ ಗಾಡಿ ನಿಲ್ಲಿಸಿ, ಪಂಪಿನ ನಳಿಗೆಯನ್ನು ವಾಲ್ವಿಗೆ, ಅಂದರೆ ಗಾಳಿ ತುಂಬುವ ಮೂತಿಗೆ, ಒತ್ತಿ ಹಿಡಿದು ಕೂರುತ್ತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಕಾಲಿನಲ್ಲಿ ಪಂಪು ಒತ್ತುತ್ತಿದ್ದರು. ದಾರಿಯಲ್ಲಿ ಹೋಗುವವರು ರೇಗಿಸುತ್ತಿದ್ದರು: "ಏನ್ ರೈಟ್ರೇ, ಹೆಂಡ್ತಿ ಕೈಲಿ ದುಡಿಸ್ಕತೀರಲ್ಲ!" ಅತ್ತೆಯೇ ಉತ್ತರ ಕೊಡುತ್ತಿದ್ದರು: "ಇವ್ರು ಒತ್ತಿದ್ರೆ ಟೈರ್ ತುಂಬೋದ್ರೊಳ್ಗೆ ಸಂತೆ ಮುಗ್ದೋಯ್ತದೆ!"

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಮಾವನವರು ಹೊಸ ಗಾಡಿ ಕೊಂಡಿದ್ದರು, ಟ್ಯೂಬ್ ಇಲ್ಲದ ಟೈರಿನದು. ಮಳೆಗಾಲದ ಕೊನೆಯ ಒಂದು ಸಂತೆ ದಿನ, ಮೋರಿ ದಾಟಿ ಎರಡು ತಿರುವು ಇಳಿಯುವುದರೊಳಗೆ ಗಾಡಿ ಮಗುಚಿ ಇಬ್ಬರೂ ಬಿದ್ದರು. ಮಾವನವರಿಗೆ ತರಚು ಗಾಯ. ಅತ್ತೆಯ ಎಡ ಮಣಿಕಟ್ಟು ಮುರಿಯಿತು. ಆಸ್ಪತ್ರೆಗೆ ನಾನು ಓಡಿ ಹೋದಾಗ ಮಾವನವರು ಬಾಗಿಲಲ್ಲೇ ಸಿಕ್ಕಿ, ನಾನು ಕೇಳುವ ಮೊದಲೇ, "ಟೈರಲ್ಲಿ ಗಾಳಿ ಇರ್ಲಿಲ್ಲ ಕಣ್ರೀ. ಎಲ್ಲೋ ಇಳ್ದೋಗ್ಬುಟ್ಟೈತೆ" ಎಂದರು. ಅತ್ತೆ ಬೆಂಚಿನ ಮೇಲೆ ಕೂತು ಅದನ್ನು ಕೇಳಿಸಿಕೊಂಡರು.

ಕೈ ಕೂಡಿಕೊಂಡಿತು. ಆದರೆ ಅತ್ತೆ ಮತ್ತೆ ಗಾಡಿ ಹತ್ತಲಿಲ್ಲ. ಜಗಳವಿಲ್ಲ, ಸಿಟ್ಟಿಲ್ಲ. ಸಂತೆ ದಿನ ಬೆಳಿಗ್ಗೆ ಚೀಲ ಹಿಡಿದು ಹೋಗಿ ಸರ್ವೀಸ್ ಜೀಪಿಗೆ ಕಾದು ನಿಂತರು, ಅಷ್ಟೇ. ಮಾವನವರು ಗಾಡಿ ತಂದು ಪಕ್ಕದಲ್ಲಿ ನಿಲ್ಲಿಸಿ "ಹತ್ತೇ" ಅಂದರಂತೆ. "ನೀವ್ ಬನ್ನಿ, ನಾನ್ ಇದ್ರಲ್ಲೇ ಬತ್ತೀನಿ" ಅಂದರಂತೆ ಅತ್ತೆ. ಅಂದಿನಿಂದ ಸಕಲೇಶಪುರದ ಜನ ಒಂದು ವಿಚಿತ್ರ ಮೆರವಣಿಗೆ ನೋಡಿದರು. ಮುಂದೆ ಜನ ತುಂಬಿದ ಜೀಪು, ಅದರ ಹಿಂಬದಿಯ ಬೆಂಚಿನ ತುದಿಯಲ್ಲಿ ಅತ್ತೆ. ಅದರ ಹಿಂದೆ ಧೂಳು ಕುಡಿಯುತ್ತ, ಖಾಲಿ ಸೀಟಿನ ಗಾಡಿಯಲ್ಲಿ ಮಾವನವರು. ಜೀಪಿನಲ್ಲೇ ಬರಬಹುದಿತ್ತಲ್ಲ ಎಂದರೆ "ಗಾಡಿ ಇದ್ದೋನು ಜೀಪ್ ಹತ್ತದಾ?" ಎನ್ನುವರು. ಮುಂದೆ ಹೋಗಿಬಿಡಿ, ಧೂಳಾದರೂ ತಪ್ಪುತ್ತದೆ ಎಂದರೆ ಅದಕ್ಕೂ ಒಪ್ಪುವುದಿಲ್ಲ.

ಅವರಿಗೆ ಬೇಕಾಗಿದ್ದದ್ದು ಒಂದೇ, ಅತ್ತೆ ಮತ್ತೆ ಹಿಂದೆ ಹತ್ತಿ ಕೂರಬೇಕು. ಅದನ್ನು ಬಾಯಿ ಬಿಟ್ಟೇ ಹೇಳಿದರು, ಟೀ ಕುಡಿಯುತ್ತ. "ನಾನ್ ಬಿದ್ರೆ ಬೀಳ್ತೀನಿ. ಅವ್ಳಿಗ್ ಧೈರ್ಯ ಬರೋವಂಗ್ ಏನಾರ ಮಾಡ್ಬೇಕಲ್ಲ ಅಳಿಯಂದ್ರೇ." ಆಗ ನನ್ನ ಅಂಗಡಿಯ ಮುಂದೆ ಒಬ್ಬ ಪ್ಲಾಂಟರ್ ಕಾರು ನಿಲ್ಲಿಸಿದ್ದರು. ಅದರ ಚಕ್ರಗಳ ವಾಲ್ವಿನ ಮೇಲೆ ಮಾಮೂಲಿ ಮುಚ್ಚಳದ ಬದಲು ದಪ್ಪ ಮುಚ್ಚಳಗಳು. ಅವು ಗಾಳಿಯ ಒತ್ತಡ ಅಳೆಯುವ ಸೆನ್ಸರ್‌ಗಳು, ವಿದೇಶದಿಂದ ತರಿಸಿದ್ದು. ಒಳಗೆ ಬೆಂಕಿಪೊಟ್ಟಣದಷ್ಟು ಒಂದು ಪರದೆ, ಅದರಲ್ಲಿ ಯಾವ ಟೈರಿನಲ್ಲಿ ಎಷ್ಟು ಗಾಳಿ ಅಂತ ಅಂಕಿ. ಕಡಿಮೆಯಾದರೆ ಕೂಗುತ್ತದೆ. ಮಾವನವರು ಕಾರಿನ ಕಿಟಕಿಯೊಳಗೆ ತಲೆ ಹಾಕಿ ನೋಡಿದವರು ಅದನ್ನು ಹೊರಗೆ ತೆಗೆಯಲೇ ಇಲ್ಲ. "ಗಾಡೀಗ್ ಹಾಕೋ ಅಂಥದ್ದು ಒಂದ್ ಜೊತೆ ತರ್ಸ್ಕೊಡಿ" ಎಂದು ಹಿಡಿದ ಪಟ್ಟು, ಬೆಂಗಳೂರಿನ ಡೀಲರಿಗೆ ಹೇಳಿ ನಾನು ತರಿಸುವವರೆಗೆ ಬಿಡಲಿಲ್ಲ.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಸೆನ್ಸರ್ ಹಾಕಿ ಎರಡು ವಾರವಾಗಿಲ್ಲ, ಹಿಂದಿನ ಚಕ್ರದ ವಾಲ್ವಿನ ಬುಡದಲ್ಲಿ ರಬ್ಬರು ಬಿರಿದು ಗಾಳಿ ಸೋರಿತು. ಗಾಡಿಯ ವಾಲ್ವಿನ ಕಾಂಡ ಬರೀ ರಬ್ಬರಿನದು. ತುದಿಯಲ್ಲಿ ಅಷ್ಟು ಭಾರದ ಮುಚ್ಚಳ ಕೂರಿಸಿ ಚಕ್ರ ತಿರುಗಿಸಿದರೆ ಅದು ಬಳುಕಿ ಬಳುಕಿ ಹರಿಯದೆ ಏನು ಮಾಡುತ್ತದೆ? ಹೊಸ ರಬ್ಬರು ಹಾಕಿಸಿದೆ. ಅದೂ ಹರಿಯಿತು. ಪಕ್ಕದ ಪಂಕ್ಚರ್ ಅಂಗಡಿಯವನು ಟೈರು ಬಿಚ್ಚುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದ. ಲೋಹದ ವಾಲ್ವೇ ಆಗಬೇಕು ಎಂದು ತೀರ್ಮಾನಿಸಿ ಹಾಸನದಲ್ಲಿ ಅಂಗಡಿ ಅಂಗಡಿ ಅಲೆದೆ. ಸಿಕ್ಕಿದ್ದು ಕಾರಿನದು, ನೆಟ್ಟಗೆ ಉದ್ದ. ತಂದು ಹಾಕಿಸಿ, ಸೆನ್ಸರ್ ಕೂರಿಸಿ, ಮುಂದಿನ ಚಕ್ರ ಒಂದು ಸುತ್ತು ತಿರುಗಿಸಿದರೆ ಕಟಾರ್ ಅಂತ ಶಬ್ದ. ಸೆನ್ಸರಿನ ತುದಿ ಡಿಸ್ಕ್ ಬ್ರೇಕಿಗೆ ಬಡಿಯುತ್ತಿದೆ! ಕೈಯಲ್ಲಿ ತಿರುಗಿಸಿ ನೋಡಿದ್ದರಿಂದ ಬಚಾವು, ರಸ್ತೆಗೆ ಇಳಿಸಿದ್ದರೆ ನೆಟ್ಟಗೆ ಆಸ್ಪತ್ರೆಗೇ. ಮೊಣಕೈಯಂತೆ ಪಕ್ಕಕ್ಕೆ ಬಾಗಿದ ಗಿಡ್ಡ ವಾಲ್ವು ಬೇಕು ಎಂದು ಆಗ ತಿಳಿಯಿತು. ಅದು ಹಾಸನದಲ್ಲಿಲ್ಲ, ಮಂಗಳೂರಿನಲ್ಲಿಲ್ಲ. ಬೆಂಗಳೂರಿಗೆ ಫೋನು ಮಾಡಿದರೆ ಒಂದು ಸಲ ತೂತಿಗಿಂತ ದಪ್ಪದ್ದು ಬಂತು, ಇನ್ನೊಂದು ಸಲ ತೂತಿನಲ್ಲಿ ಅಲ್ಲಾಡುವಷ್ಟು ಸಣ್ಣದು ಬಂತು. ಮೂರನೆಯ ಸಲ ನಾನೇ ಅಂಗಡಿ ಮುಚ್ಚಿ, ಒಂದು ಹಳೆಯ ಚಕ್ರವನ್ನೇ ಗೋಣಿಚೀಲದಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಅದಕ್ಕೂ ಲಗೇಜು ಹಾಕಿದ.

ಇಷ್ಟೆಲ್ಲ ಮಾಡಿ ಸರಿಯಾದ ವಾಲ್ವು ತಂದು, ಒಳಗೊಂದು ಹೊರಗೊಂದು ರಬ್ಬರ್ ವಾಷರು ಕೂರಿಸಿ, ನಟ್ಟು ಹದವಾಗಿ ಬಿಗಿದು, ಸೋಪಿನ ನೀರು ಹಾಕಿ ಪರೀಕ್ಷಿಸಿ ಕಳಿಸಿದರೆ, ಮಾರನೆಯ ದಿನ ಫೋನು. "ಸೋರ್ತಾ ಐತೆ." ಹೋಗಿ ನೋಡಿದರೆ ವಾಷರು ಹಿಂಡಿ ಹೊರಗೆ ಬಂದಿದೆ. "ನೀವೇನಾದ್ರೂ ಬಿಗಿ ಮಾಡಿದ್ರಾ ಮಾವ?" "ಇಲ್ಲ. ಸ್ವಲ್ಪ. ಸ್ಪ್ಯಾನರ್ ಕೈಲಿತ್ತು." ನಾನು ಕಾಫಿ ಗಿಡಗಳ ಕಡೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಕೊನೆಗೆ ಎಲ್ಲವೂ ಕೂತಿತು. ಹ್ಯಾಂಡಲ್ ಮೇಲೆ ಪರದೆ, ಮುಂದೆ ಇಪ್ಪತ್ತೈದು, ಹಿಂದೆ ಮೂವತ್ತೆರಡು. "ಒಬ್ರೇ ಓಡ್ಸೋಕೆ ಹಿಂದಿನ ಟೈರಿಗೆ ಅಷ್ಟು ಬೇಡ ಮಾವ, ಇಪ್ಪತ್ತೆಂಟು ಸಾಕು" ಎಂದೆ. "ಇರ್ಲಿ. ಇಬ್ರು ಲೆಕ್ಕಕ್ಕೇ ಇರ್ಲಿ" ಎಂದರು. ಸಂತೆ ದಿನ ಜೀಪಿನ ಪಕ್ಕ ಗಾಡಿ ನಿಲ್ಲಿಸಿ ಅತ್ತೆಗೆ ಪರದೆ ತೋರಿಸಿದರಂತೆ. "ಗಾಳಿ ಒಂಚೂರು ಇಳಿದ್ರೂ ಕೂಗ್ತೈತೆ ಕಣೇ. ಇನ್ ಭಯ ಇಲ್ಲ." ಅತ್ತೆ ಅದನ್ನು ಚೆನ್ನಾಗಿ ನೋಡಿ, "ಚೆನ್ನಾಗೈತೆ" ಎಂದು ಹೇಳಿ ಜೀಪು ಹತ್ತಿದರಂತೆ. ಇದನ್ನು ಕೇಳಿ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೆಂಗಳೂರಿಗೆ ಚಕ್ರ ಹೊತ್ತವನು ನಾನು!

ಅತ್ತೆಯ ಹತ್ತಿರವೇ ಹೋಗಿ ಕೇಳಿದೆ. "ಒಂದ್ ಸಲ ಹತ್ತಿಬಿಡಿ ಅತ್ತೆ. ಅಲ್ಲೀವರ್ಗೂ ಮಾವ ನನ್ನ ಬಿಡಲ್ಲ. ಟೈರು ಸರಿಯಾಗೈತೆ, ನಾನೇ ಗ್ಯಾರಂಟಿ." ಅವರು ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ, "ಟೈರ್ ಯಾವತ್ ಕೆಟ್ಟಿತ್ತಪ್ಪ?" ಎಂದರು. ಏನೋ ಕೊಂಕು ಮಾತು ಎಂದುಕೊಂಡು ಎದ್ದು ಬಂದೆ. ಮುದುಕ ಮುದುಕಿಯರ ಹಟದ ನಡುವೆ ಸಿಕ್ಕಿಕೊಂಡೆನಲ್ಲ ಎಂದು ದಾರಿಯುದ್ದಕ್ಕೂ ಗೊಣಗಿದೆ.

ಮಳೆ ಹಿಡಿಯಿತು. ಎಸ್ಟೇಟಿನ ಕೆಸರು ರಸ್ತೆಗಾಗಿ ಮಾವನವರು ಎಂದಿನಂತೆ ಗಾಳಿ ಇಳಿಸಿದರು. ಗಾಳಿ ಇಳಿದರೆ ಸೆನ್ಸರು ಸುಮ್ಮನಿರುತ್ತದೆಯೇ? ಏರು ಹತ್ತುವಾಗ ಕೂಗು, ಇಳಿಯುವಾಗ ಕೂಗು. ಲೈನಿನ ಆಳುಗಳು "ರೈಟ್ರು ಗಾಡೀಲಿ ಕೋಳಿಪಿಳ್ಳೆ ಕಟ್ಕಂಡವ್ರೆ" ಎಂದು ನಗಲು ಶುರು ಮಾಡಿದರು. ಒಂದು ದಿನ ನಾನು ಮನೆಗೆ ಹೋದಾಗ ಆ ಪರದೆ ಕಾಣಲಿಲ್ಲ. ಎಲ್ಲಿ ಎಂದರೆ, ಟವೆಲ್ಲಿನಲ್ಲಿ ಸುತ್ತಿ, ಊಟದ ಡಬ್ಬಿಯೊಳಗೆ ಹಾಕಿ, ಮುಚ್ಚಳ ಭದ್ರ ಮಾಡಿ ಚೀಲದಲ್ಲಿಟ್ಟಿದ್ದಾರೆ.

"ಕೂಗ್ಲಿ ಅಂತಲೇ ಅಲ್ವಾ ಮಾವ ಅದನ್ನ ತಂದಿದ್ದು?"

"ದಿನಾ ಕೂಗಿದ್ರೆ ಯಾವನ್ ಕೇಳ್ತಾನ್ರೀ? ಮಳೆ ನಿಂತ್ ಮೇಲೆ ಹಾಕ್ಕಂಡ್ರಾಯ್ತು."

"ಹಂಗಾದ್ರೆ ಗಾಳಿ ಇಳಿಸ್ಬೇಡಿ!"

"ಗಾಳಿ ಇಳಿಸ್ದೆ ಈ ಕೆಸರಲ್ಲಿ ನಿಮ್ಮಪ್ಪ ಬತ್ತಾನಾ ಗಾಡಿ ಓಡ್ಸಕ್ಕೆ?"

ಅಂದು ನಾನು ಊಟ ಮಾಡದೆ ವಾಪಸು ಬಂದೆ. ಹೆಂಡತಿಗೆ ಹೇಳಿದೆ, ಇನ್ನು ನಿಮ್ಮಪ್ಪನ ಗಾಡಿಯ ಸುದ್ದಿ ನನ್ನ ಹತ್ತಿರ ಎತ್ತಬೇಡ ಎಂದು. ಎರಡು ತಿಂಗಳು ನಾನು ವನಗೂರಿನ ಕಡೆ ತಲೆ ಹಾಕಲಿಲ್ಲ. ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಸಂತೆ ದಿನ ಬಂದು ಟೀ ಕುಡಿದು ಹೋಗುತ್ತಿದ್ದರು.

ಮಳೆ ನಿಂತು, ಕಾಫಿ ಹಣ್ಣಾಗುವ ಹೊತ್ತಿಗೆ ಪರದೆ ಮತ್ತೆ ಹ್ಯಾಂಡಲಿಗೆ ಬಂತು. ಒಣ ರಸ್ತೆ, ಒಳ್ಳೆಯ ಬಿಸಿಲು. ಆ ದಿನವೂ ಸಂತೆ. ಹೊತ್ತಾದರೂ ಜೀಪು ಬರಲಿಲ್ಲವಲ್ಲ ಎಂದುಕೊಳ್ಳುತ್ತಿರುವಾಗ ಅದು ಬಂದು ನಮ್ಮ ಅಂಗಡಿಯ ಮುಂದೆಯೇ ನಿಂತಿತು. ಹಿಂದಿನಿಂದ ಅತ್ತೆ ಇಳಿದರು, ಅವರ ಹಿಂದೆ ಮಾವನವರು. ಚಡ್ಡಿಯ ತುಂಬ ಮಣ್ಣು, ಮೊಣಕೈಯಲ್ಲಿ ರಕ್ತ. ಗಾಡಿಯನ್ನು ಅಲ್ಲೇ ಯಾರದೋ ತೋಟದ ಗೇಟಿನೊಳಗೆ ನಿಲ್ಲಿಸಿ ಬಂದಿದ್ದರು. ಮೋರಿಯ ಆಚೆಗಿನ ಅದೇ ಎರಡನೆಯ ತಿರುವಿನಲ್ಲಿ ಬಿದ್ದಿದ್ದರು, ಜೀಪಿನ ಹಿಂದೆಯೇ. ಅತ್ತೆ ಕಣ್ಣಾರೆ ನೋಡಿದ್ದರು. ಕಿರುಚಿ ಜೀಪು ನಿಲ್ಲಿಸಿದ್ದು ಅವರೇ. ತಡವಾಗಿ ಹತ್ತುವುದರಿಂದ ಅವರಿಗೆ ಹಿಂದಿನ ತುದಿಯ ಸೀಟು ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಆದರೆ ಅವರು ಪ್ರತಿ ವಾರ ಮೊದಲು ಹತ್ತಿ ಆ ತುದಿಯನ್ನೇ ಹಿಡಿದುಕೊಳ್ಳುತ್ತಿದ್ದರಂತೆ, ಹಿಂದೆ ಬರುವ ಗಾಡಿ ಕಾಣಲಿ ಅಂತ.

ಮಾವನವರು ಪರದೆಯನ್ನು ಕಿತ್ತುಕೊಂಡು ಬಂದಿದ್ದರು. ನನ್ನ ಗಲ್ಲಾದ ಮೇಲೆ ಇಟ್ಟರು.

"ಕೆಟ್ಟೋಯ್ತಾ?" ಎಂದೆ.

"ಇಲ್ಲ. ಸರಿಯಾಗೈತೆ. ಮುಂದೆ ಇಪ್ಪತ್ತೈದು, ಹಿಂದೆ ಮೂವತ್ತೆರಡು. ಬಿದ್ ಮೇಲೂ ಅಷ್ಟೇ ತೋರಿಸ್ತಿತ್ತು. ಕೂಗ್ಲೇ ಇಲ್ಲ." ಸ್ಟೂಲಿನ ಮೇಲೆ ಕೂತರು. ಟೀ ಕೇಳಲಿಲ್ಲ. ಆಮೇಲೆ ಮಾತಾಡಿದ್ದು ನನ್ನೊಂದಿಗಲ್ಲ, ಅತ್ತೆಯ ಕಡೆ ತಿರುಗಿ. "ಬ್ರೇಕ್ ಮೇಲೆ ಕಾಲ್ ಐತೋ ಇಲ್ವೋ ನಂಗ್ ಗೊತ್ತಾಗಲ್ಲ ಕಣೇ. ಎಷ್ಟ್ ಒತ್ತಿದೀನಿ ಅಂತಾನೂ ಗೊತ್ತಾಗಲ್ಲ. ಅಂಗಾಲು ಸತ್ತೋಗಿ ಎರಡ್ ವರ್ಷ ಆಯ್ತು. ಅವತ್ತೂ ಹಂಗೇ, ಜೋರಾಗ್ ಒತ್ಬುಟ್ಟಿದ್ದೆ. ಟೈರಲ್ಲಿ ಗಾಳಿ ಇತ್ತು."

"ನಂಗೊತ್ತು," ಎಂದರು ಅತ್ತೆ. "ಅವತ್ತು ಪಂಪ್ ಒತ್ತಿದ್ದು ನಾನಲ್ವಾ."

"ಮತ್ಯಾಕೆ ಹೇಳ್ಲಿಲ್ಲ ನೀನು?"

"ನೀವ್ ಹೇಳ್ಲಿ ಅಂತ."

ನನಗೆ ಆ ಕ್ಷಣ ಇಬ್ಬರ ಮೇಲೂ ಕೂಗಾಡಬೇಕು ಅನ್ನಿಸಿತು. ಒಬ್ಬರು ಗೊತ್ತಿದ್ದೂ ಹೇಳಲಿಲ್ಲ, ಇನ್ನೊಬ್ಬರು ಗೊತ್ತಿದ್ದೂ ಕೇಳಲಿಲ್ಲ. ನಡುವೆ ನಾನು ಯಾವ ದೋಷವೂ ಇಲ್ಲದ ಚಕ್ರಕ್ಕೆ ರಬ್ಬರು, ಉದ್ದದ್ದು, ಗಿಡ್ಡದ್ದು, ಬಾಗಿದ್ದು ಎಂದು ಊರೂರು ಅಲೆದೆ. ಆದರೆ ಮಾವನವರ ಮುಖ ನೋಡಿ, ಆ ಪರದೆಯನ್ನು ಎತ್ತಿ ಗಲ್ಲಾದೊಳಗೆ ಹಾಕಿದೆ. ಆ ಮನುಷ್ಯ ತಪ್ಪು ತನ್ನದು ಎಂದು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದೆ, ಅವರ ಕಣ್ಣಿನಲ್ಲಿ ನೀರನ್ನೂ ಮೊದಲ ಸಲ ನೋಡಿದ್ದೆ.

ಅತ್ತೆ ಸೆರಗಿನ ತುದಿಯಿಂದ ಅವರ ಮೊಣಕೈಯ ಮಣ್ಣು ಒರೆಸಿದರು. "ನಡೀರಿ, ಗಾಡಿ ಎತ್ಕಂಡ್ ಬರವಾ. ಇವತ್ತ್ ಹತ್ತೀನಿ ನಾನು" ಎಂದರು.

"ಬ್ಯಾಡ ಕಣೇ," ಎಂದರು ಮಾವನವರು. "ಇವತ್ತ್ ನಾನ್ ಹತ್ತಿಸಲ್ಲ."

ಗಾಡಿಯನ್ನು ಮಾರನೆಯ ದಿನ ನಾನೇ ಹೋಗಿ ತಂದೆ. ಬಿದ್ದ ದಿನದ ಸಂಜೆ ಇಬ್ಬರೂ ಜೀಪಿನಲ್ಲೇ ಮರಳಿದ್ದರು. ಮುಂದಿನ ವಾರವೂ ಜೀಪಿನಲ್ಲೇ ಬಂದರು, ಹಿಂಬದಿಯ ಬೆಂಚಿನ ತುದಿಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತು. ಮಾವನವರು ದಾರಿಯುದ್ದಕ್ಕೂ ಡ್ರೈವರಿಗೆ ಯಾವ ತಿರುವಿನಲ್ಲಿ ಯಾವ ಗೇರು ಎಂದು ಹೇಳುತ್ತ ಬರುತ್ತಾರೆ, ಆ ಡ್ರೈವರ್ ತಲೆ ಚಚ್ಚಿಕೊಳ್ಳುತ್ತಾನೆ ಎಂದು ಅತ್ತೆ ನಗುತ್ತ ಹೇಳಿದರು. ಅತ್ತೆ ಅಷ್ಟು ನಕ್ಕದ್ದನ್ನು ಆ ಒಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ಇಳಿಯುವಾಗ ಅವರು ಮೊದಲು ಇಳಿದು, ಮಾವನವರ ಪಾದ ಮೆಟ್ಟಿಲಿನ ಮೇಲೆ ಸರಿಯಾಗಿ ಕೂತಿತೇ ಎಂದು ಕೈಯಿಂದ ಮುಟ್ಟಿ ನೋಡಿ "ಹ್ಞೂಂ, ಇಳೀರಿ" ಎನ್ನುತ್ತಿದ್ದರು. ಸಂತೆಯ ಜನರೆಲ್ಲ ನೋಡುತ್ತಿದ್ದರೂ ಮಾವನವರು ಆ ಮಾತಿಗೆ ಕಾಯುತ್ತಿದ್ದರು.

ಹಾಗೆ ಬಂದದ್ದು ಕೆಲವೇ ವಾರ. ಕಾಫಿ ಕುಯಿಲು ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಲೈನಿನ ಮುಂದೆ ಹಾಜರಿ ಕೂಗುತ್ತಿದ್ದವರು ಎದೆ ಹಿಡಿದುಕೊಂಡು ಕೂತರು. ಆಸ್ಪತ್ರೆಯ ತನಕ ಉಳಿಯಲಿಲ್ಲ.

ಈಗ ನನಗೂ ಸಕ್ಕರೆ ಬಂದಿದೆ. ಅಂಗಾಲಿನಲ್ಲಿ ಜೋಮು ಶುರುವಾದ ದಿನ, ಅಂಗಡಿ ಮುಚ್ಚಿ ಮನೆಗೆ ಹೋದವನೇ ಚಪ್ಪಲಿ ಬಿಡುವ ಮೊದಲೇ ಹೆಂಡತಿಗೆ ಹೇಳಿದೆ. ಹಾಗೆ ಹೇಳಬೇಕೆಂದು ಕಲಿಸಿದವರು ಮಾವನವರೇ, ಆ ಋಣ ನನ್ನ ಮೇಲಿದೆ. ಆದರೂ ಅವರನ್ನು ನೆನೆದರೆ ಮೊದಲು ಬರುವುದು ಸಿಟ್ಟು. ಆ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿದ್ದರೆ ಇಡೀ ಒಂದು ವರ್ಷ ಅತ್ತೆಯ ಪಕ್ಕದಲ್ಲಿ ಕೂತು ಸಂತೆಗೆ ಬರಬಹುದಿತ್ತು ಆ ಮನುಷ್ಯ. ಜಾಗ ಇತ್ತು. ಅತ್ತೆ ಪ್ರತಿ ವಾರ ಆ ಬೆಂಚಿನಲ್ಲಿ ತಮ್ಮ ಪಕ್ಕಕ್ಕೆ ಚೀಲ ಇಟ್ಟು ಇನ್ನೊಬ್ಬರ ಜಾಗ ಹಿಡಿದಿರುತ್ತಿದ್ದರು ಎಂದು ಜೀಪಿನ ಡ್ರೈವರ್ ಹೇಳಿದ್ದು, ಮಾವನವರ ತಿಥಿಯ ದಿನ.